ಬಾಗಿಲಲ್ಲೇ ಲೆಕ್ಕ ಮುಗಿಸಿ ಒಳಗೆ ಹೋಗು



ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ಮಾವ, ಫ್ರೆಂಡ್ಸೆಲ್ಲ ಶನಿವಾರ ಪೋಕರ್ ಆಡೋಕೆ ಕಾರ್ಡ್‌ರೂಮಿಗೆ ಹೊರಟಿದ್ದಾರೆ. ನಾನು ಸಣ್ಣ ಟೂರ್ನಮೆಂಟ್ ಆಡ್ಲೋ, ಕ್ಯಾಶ್ ಗೇಮಿಗೆ ಕೂತ್ಕೊಳ್ಲೋ?" ಅಂತ. ನನ್ನ ಉತ್ತರ ಇಷ್ಟೇ: ಮೊದಲು ಸಣ್ಣ ಟೂರ್ನಮೆಂಟ್ ಆಡು. ಅದರಲ್ಲೂ, ಸೋತವನನ್ನು ಮತ್ತೆ ದುಡ್ಡು ಕಟ್ಟಿ ಒಳಗೆ ಬರಲು ಬಿಡದಂಥ ಟೂರ್ನಮೆಂಟನ್ನೇ ಹುಡುಕಿಕೊಂಡು ಆಡು. ಕೆಲವು ತಿಂಗಳು ಕಳೆಯಲಿ, ಆಮೇಲೆ ಅಲ್ಲಿರುವ ಅತಿ ಸಣ್ಣ ಕ್ಯಾಶ್ ಟೇಬಲ್ಲಿಗೆ ಹೋಗುವೆಯಂತೆ. ಫೋನಿನಲ್ಲೇ ಇದನ್ನು ಹೇಳಿ ಮುಗಿಸಬಹುದಿತ್ತು. ಆದರೆ ಕಾರಣ ತಿಳಿಯದೆ ಒಪ್ಪಿಕೊಂಡ ಮಾತು ಎಲೆ ಕೈಗೆ ಬಂದ ಕೂಡಲೇ ಮರೆತುಹೋಗುತ್ತದೆ. ಅದಕ್ಕೇ ಈ ಕಾಗದ.

ಆಡಲೇಬೇಡ ಅಂತ ನಾನು ಹೇಳುತ್ತಿಲ್ಲ. ಹೊಸತೊಡಕಿನ ದಿನ ಊರ ಜಗಲಿಗಳ ಮೇಲೆ ಇಸ್ಪೀಟು ಹರಡುವುದನ್ನು ನೋಡುತ್ತಲೇ ನಾವೆಲ್ಲ ಬೆಳೆದವರು. ಅಂದರ್-ಬಾಹರ್‌ನಲ್ಲಿ ಎಲೆ ಯಾವ ಕಡೆ ಬೀಳುತ್ತದೆ ಅನ್ನುವುದರ ಮೇಲೆ ಯಾರ ಬುದ್ಧಿಗೂ ಹಿಡಿತವಿಲ್ಲ. ಪೋಕರ್ ಹಾಗಲ್ಲ. ಎಷ್ಟು ಕಟ್ಟಬೇಕು, ಯಾರ ಎದುರು ಕಟ್ಟಬೇಕು, ಯಾವಾಗ ಎಲೆ ಕೆಳಗಿಡಬೇಕು ಅನ್ನುವುದೆಲ್ಲ ನಿನ್ನ ತೀರ್ಮಾನ. ಈ ಆಟದಲ್ಲಿ ಬುದ್ಧಿಗೆ ಕೆಲಸವಿದೆ ಅನ್ನುವುದು ನಿಜ. ಆ ಕೆಲಸಕ್ಕೆ ನಿನ್ನ ಬುದ್ಧಿ ಇವತ್ತೇ ಸಾಲುತ್ತದೆ ಅನ್ನುವುದು ಬೇರೆ ಮಾತು. ಹೊಸಬರ ಜೇಬು ಖಾಲಿಯಾಗುವುದು ಇವೆರಡನ್ನೂ ಒಂದೇ ಅಂದುಕೊಂಡಾಗ.

ಎರಡು ಆಟಕ್ಕೂ ಇರುವ ವ್ಯತ್ಯಾಸ ನಿನಗೆ ಮೇಲುಮೇಲಕ್ಕೆ ಗೊತ್ತಿದೆ. ಕ್ಯಾಶ್ ಗೇಮಿನಲ್ಲಿ ಚಿಪ್ಸ್ ಅಂದರೆ ದುಡ್ಡು. 200 ಡಾಲರ್ ಕೊಟ್ಟರೆ 200 ಡಾಲರಿನ ಚಿಪ್ಸ್ ಕೊಡುತ್ತಾರೆ. ಏಳುವಾಗ ಎದುರಿಗೆ ಎಷ್ಟಿದೆಯೋ ಅಷ್ಟನ್ನು ಕಿಟಕಿಗೆ ಒಯ್ದು ನಗದು ಮಾಡಿಕೊಳ್ಳಬಹುದು. ಪ್ರತಿ ಕೈಗೂ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಕಟ್ಟುವ ಮೊತ್ತ, ಅಂದರೆ ಸಣ್ಣ ಮತ್ತು ದೊಡ್ಡ ಬ್ಲೈಂಡ್, 1-2 ಅಂತಿದ್ದರೆ ರಾತ್ರಿಯಿಡೀ 1-2. ಅದು ಅಂಗಡಿ ಇಟ್ಟ ಹಾಗೆ: ಬಾಗಿಲು ತೆಗೆಯುವುದೂ ಹಾಕುವುದೂ ನಿನ್ನಿಷ್ಟ, ಲಾಭ ತೆಳು, ಬಾಡಿಗೆ ಮಾತ್ರ ಯಾರಿಗೂ ಕಾಯದೆ ಏರುತ್ತಿರುತ್ತದೆ. ಟೂರ್ನಮೆಂಟಿನಲ್ಲಿ 60 ಡಾಲರ್ ಕಟ್ಟಿದರೆ ಬಹುಶಃ 10,000 ಚಿಪ್ಸ್ ಕೊಡುತ್ತಾರೆ. ಆ ಚಿಪ್ಸಿಗೆ ಹೊರಗೆ ಮೂರು ಕಾಸಿನ ಬೆಲೆ ಇಲ್ಲ, ನಡುವೆ ಎದ್ದು ನಗದು ಮಾಡಿಕೊಳ್ಳುವ ಹಾಗೂ ಇಲ್ಲ. ಬ್ಲೈಂಡ್ ಹದಿನೈದೋ ಇಪ್ಪತ್ತೋ ನಿಮಿಷಕ್ಕೊಮ್ಮೆ ಏರುತ್ತದೆ. ಚಿಪ್ಸ್ ಮುಗಿದವರು ಒಬ್ಬೊಬ್ಬರಾಗಿ ಏಳುತ್ತಾರೆ, ಕೊನೆಗೆ ಉಳಿದ ಕೆಲವರು ಬಹುಮಾನ ಹಂಚಿಕೊಳ್ಳುತ್ತಾರೆ.

ಇವೆರಡರಲ್ಲಿ ಕ್ಯಾಶ್ ಗೇಮೇ ಹಿರಿಯದು. ಪೋಕರ್ ಅಂದರೆ ಈಗ ಎಲ್ಲರ ಬಾಯಲ್ಲೂ ಬರುವ ವರ್ಲ್ಡ್ ಸೀರೀಸ್ ಆಫ್ ಪೋಕರ್ 1970ರಲ್ಲಿ ಲಾಸ್ ವೇಗಸ್ಸಿನ ಬಿನಿಯನ್ಸ್ ಹಾರ್ಸ್‌ಶೂ ಕ್ಯಾಸಿನೊದಲ್ಲಿ ಶುರುವಾದಾಗ ಅಲ್ಲಿ ಟೂರ್ನಮೆಂಟೇ ಇರಲಿಲ್ಲ. ಆಟಗಾರರು ಕ್ಯಾಶ್ ಆಡಿದರು, ಕೊನೆಗೆ ಮತ ಹಾಕಿ ಜಾನಿ ಮಾಸ್ ಅವರನ್ನು ಚಾಂಪಿಯನ್ ಅಂತ ಆರಿಸಿದರು. ಎಲ್ಲರ ಚಿಪ್ಸ್ ಒಬ್ಬನ ಕೈ ಸೇರುವವರೆಗೆ ಆಡುವ ಪದ್ಧತಿ ಬಂದದ್ದು ಮರುವರ್ಷ. ಆಮೇಲೆ 2003ರಲ್ಲಿ ಟೆನ್ನೆಸ್ಸಿಯ ಅಕೌಂಟೆಂಟ್ ಕ್ರಿಸ್ ಮನಿಮೇಕರ್, 100 ಡಾಲರಿಗೂ ಕಡಿಮೆ ಕಟ್ಟಿ ಗೆದ್ದ ಆನ್‌ಲೈನ್ ಅರ್ಹತಾ ಆಟದ ಬಲದಿಂದ ಅಲ್ಲಿಗೆ ಬಂದು 25 ಲಕ್ಷ ಡಾಲರ್ ಗೆದ್ದ. ನಿನ್ನ ಸ್ನೇಹಿತರ ಬಾಯಲ್ಲಿ ಸುತ್ತುತ್ತಿರುವುದು ಇದೇ ಕಥೆ. ಆ ವರ್ಷ ಆ ಆಟಕ್ಕೆ ಕೂತವರು 839 ಜನ. ಆ ಕಥೆ ಕೇಳಿ ಮರುವರ್ಷ ಬಂದವರು 2,576 ಜನ, 2006ರಲ್ಲಿ 8,773 ಜನ. ಮೊದಲ ಬಹುಮಾನ ಪ್ರತಿ ಸಲವೂ ಒಬ್ಬರಿಗೇ. ಆದ್ದರಿಂದ ಸಣ್ಣ ಟೂರ್ನಮೆಂಟ್ ಆಡು ಅನ್ನುವಾಗ ಆ ಕನಸನ್ನು ಕಟ್ಟಿಕೊಂಡು ಹೋಗು ಅಂತ ಹೇಳುತ್ತಿಲ್ಲ. ನನ್ನ ಕಾರಣವೇ ಬೇರೆ.

ಟೂರ್ನಮೆಂಟಿನಲ್ಲಿ ನೀನು ಹೆಚ್ಚೆಂದರೆ ಎಷ್ಟು ಕಳೆದುಕೊಳ್ಳುತ್ತೀಯ ಅನ್ನುವುದು ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ. ನನ್ನ ಮೊದಲ ಕಾರಣ ಅದು, ನನ್ನ ಮಟ್ಟಿಗೆ ಅತಿ ದೊಡ್ಡ ಕಾರಣವೂ ಅದೇ. 60 ಡಾಲರ್ ಕಟ್ಟಿದೆ, ಲೆಕ್ಕ ಮುಗಿಯಿತು. ಅವತ್ತು ಎಷ್ಟೇ ಕೆಟ್ಟದಾಗಿ ಆಡು, ಎಷ್ಟೇ ಸಿಟ್ಟು ಬರಲಿ, ಎದುರಿನವನ ಕೊನೆಯ ಎಲೆ ಎಷ್ಟೇ ಹೊಟ್ಟೆ ಉರಿಸಲಿ, 61ನೇ ಡಾಲರಿಗೆ ಯಾರೂ ಕೈ ಹಾಕಲಾರರು. ಕ್ಯಾಶ್ ಟೇಬಲ್ಲಿನಲ್ಲಿ ಈ ಗೋಡೆಯನ್ನು ನೀನೇ ಕಟ್ಟಿಕೊಳ್ಳಬೇಕು, ಅದೂ ಸೋತು ಕುದಿಯುತ್ತಿರುವಾಗ. ಚಿಪ್ಸ್ ಮುಗಿದ ಕೂಡಲೇ ಕೈ ಎತ್ತಿದರೆ ಸಾಕು, ಇನ್ನೊಂದು ಕಟ್ಟು ಚಿಪ್ಸ್ ಕೂತಲ್ಲಿಗೇ ಬರುತ್ತದೆ. ಮೂಲೆಯಲ್ಲಿ ಎಟಿಎಂ ಕಾಯುತ್ತಿರುತ್ತದೆ. ಹೊಸಬನಿಗೆ ಆಟವಷ್ಟೇ ಅಲ್ಲ, ತನ್ನ ಸಿಟ್ಟೂ ಗೊತ್ತಿರುವುದಿಲ್ಲ. ಆಫೀಸಿನಲ್ಲಿ, ಮನೆಯಲ್ಲಿ ನೀನು ಎಷ್ಟೇ ಸಮಾಧಾನಿಯಾಗಿರು, ಎಕ್ಕದ ಜೋಡಿ ಹಿಡಿದು ಸೋತ ಮುಂದಿನ ಹತ್ತು ನಿಮಿಷ ನೀನು ಯಾರು ಅನ್ನುವುದು ಅಲ್ಲಿ ಕೂತ ಮೇಲೇ ಗೊತ್ತಾಗುವುದು. ಸೋತ ಸಿಟ್ಟಿನಲ್ಲಿ ಹೀಗೆ ಬುದ್ಧಿ ತಪ್ಪುವುದನ್ನು ಆಟಗಾರರು ಟಿಲ್ಟ್ ಅನ್ನುತ್ತಾರೆ. ಆ ಹತ್ತು ನಿಮಿಷ ಬೇಲಿಯೊಳಗೆ ಕಳೆಯಲಿ ಅನ್ನುವುದು ನನ್ನ ಆಸೆ.

ಎರಡನೆಯದು ಬಾಡಿಗೆಯ ಲೆಕ್ಕ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿನ್ನ ಓರಗೆಯವರು ಯಾರೂ ಕೂತು ಮಾಡದ ಲೆಕ್ಕ ಇದು. 1-2ರ ಕ್ಯಾಶ್ ಟೇಬಲ್ಲಿನಲ್ಲಿ ಡೀಲರ್ ಗಂಟೆಗೆ ಸುಮಾರು 30 ಕೈ ಹಂಚುತ್ತಾನೆ. ಒಂದೊಂದು ಪಾಟಿನಿಂದಲೂ, ಅಂದರೆ ಎಲ್ಲರೂ ಕಟ್ಟಿದ ದುಡ್ಡಿನ ರಾಶಿಯಿಂದಲೂ, ಕಾರ್ಡ್‌ರೂಮಿನವರು ತಮ್ಮ ಪಾಲು, ಅಂದರೆ ರೇಕ್, ತೆಗೆದು ಮೇಜಿನ ಸೀಳಿನೊಳಗೆ ಇಳಿಸುತ್ತಾರೆ. ಸರಾಸರಿ 5 ಡಾಲರ್ ಅಂತಲೇ ಹಿಡಿ. ಗಂಟೆಗೆ 150 ಡಾಲರ್ ಆಯಿತು. ಒಂಬತ್ತು ಜನ ತಲಾ 200 ತಂದು ಕೂತರೆ ಮೇಜಿನ ಮೇಲಿರುವುದು 1,800. ಐದು ಗಂಟೆಯಲ್ಲಿ ಅದರಲ್ಲಿ 750 ಆ ಸೀಳಿನೊಳಗೆ ಇಳಿದುಹೋಗಿರುತ್ತದೆ. ಗೆದ್ದ ಪಾಟಿಗೆಲ್ಲ ಡೀಲರಿಗೆ ಒಂದು ಡಾಲರ್ ಟಿಪ್ಸ್ ಬೇರೆ. ಎಲ್ಲ ಸೇರಿ ತಲೆಗೆ ಗಂಟೆಗೆ 20 ಡಾಲರ್ ಆಸುಪಾಸು. ಎದುರಿಗೆ ಕೂತವರಿಗಿಂತ ಅಷ್ಟು ಚೆನ್ನಾಗಿ ಆಡಿದರೆ ನೀನು ಬರೀ ಸರಿಸಮ. ಅದಕ್ಕಿಂತ ಚೆನ್ನಾಗಿ ಆಡಿದರೆ ಮಾತ್ರ ಲಾಭ.

ಇನ್ನು 60 ಡಾಲರಿನ ಟೂರ್ನಮೆಂಟ್ ನೋಡು. ಅದರಲ್ಲಿ 50 ಬಹುಮಾನಕ್ಕೆ, 10 ಕಾರ್ಡ್‌ರೂಮಿನವರಿಗೆ ಅಂತ ಸಾಮಾನ್ಯವಾಗಿ ಬೋರ್ಡಿನಲ್ಲೇ ಬರೆದಿರುತ್ತಾರೆ. ಕಟ್ಟಿದ ದುಡ್ಡಿನ ಆರನೇ ಒಂದು ಭಾಗ ಹೋಯಿತಲ್ಲ ಅಂತ ಅನ್ನಿಸುತ್ತದೆ, ಶೇಕಡಾವಾರು ನೋಡಿದರೆ ಅದು ದುಬಾರಿಯೇ. ಆದರೆ ನೀನು ಮೂರು ಗಂಟೆ ಉಳಿದರೆ ಗಂಟೆಗೆ ಬಿದ್ದದ್ದು ಮೂರು ಡಾಲರ್ ಚಿಲ್ಲರೆ. ಇನ್ನೂ ಕಲಿಯುತ್ತಿರುವವನಿಗೆ ಬೇಕಾದದ್ದು ಹೆಚ್ಚು ಕೈ, ಹೆಚ್ಚು ಹೊತ್ತು, ಕಡಿಮೆ ಖರ್ಚು. ಆ ದೃಷ್ಟಿಯಿಂದ ಟೂರ್ನಮೆಂಟೇ ಅಗ್ಗ. ಮುಂದೆ ನೀನು ನಿಜವಾಗಿ ಚೆನ್ನಾಗಿ ಆಡತೊಡಗಿದ ಮೇಲೆ ಈ ಲೆಕ್ಕ ತಿರುಗಬಹುದು. ಅವತ್ತು ಮತ್ತೆ ಕೇಳು.

ಹಾಗಂತ ಎರಡೂ ಒಂದೇ ಆಟ, ಬರೀ ದುಡ್ಡು ಕಟ್ಟುವ ರೀತಿ ಬೇರೆ ಅಂದುಕೊಳ್ಳಬೇಡ. ಅದನ್ನು ಒಂದೇ ಜೋಡಿ ಎಲೆ ಇಟ್ಟುಕೊಂಡು ತೋರಿಸುತ್ತೇನೆ. ನಿನಗೆ ಇಸ್ಪೀಟು ಏಳು, ಡೈಮಂಡ್ ಏಳು ಬಂದಿದೆ ಅಂತ ಇಟ್ಟುಕೋ. 1-2ರ ಕ್ಯಾಶ್ ಟೇಬಲ್. ನಿನ್ನ ಹತ್ತಿರ 200, ಎದುರಿನವನ ಹತ್ತಿರ 200. ಅವನು 10 ಡಾಲರಿಗೆ ಪಣ ಏರಿಸಿ ರೇಸ್ ಮಾಡಿದ, ನೀನೂ ಅಷ್ಟೇ ಕಟ್ಟಿ ಕಾಲ್ ಮಾಡಿದೆ. ಫ್ಲಾಪಿನಲ್ಲಿ, ಅಂದರೆ ಎಲ್ಲರಿಗೂ ಸೇರಿ ಮೇಜಿನ ಮೇಲೆ ತೆರೆದಿಡುವ ಮೊದಲ ಮೂರು ಎಲೆಗಳಲ್ಲಿ, ಇನ್ನೊಂದು ಏಳು ಬರುವುದು ಎಂಟು-ಒಂಬತ್ತು ಸಲಕ್ಕೆ ಒಮ್ಮೆ. ಬರದೇ ಇದ್ದಾಗ, ಎದುರಿನವನು ಜೋರಾಗಿ ಕಟ್ಟಿದರೆ, ಎಲೆ ಕೆಳಗಿಟ್ಟು 10 ಡಾಲರಿಗೆ ಕೈ ತೊಳೆದುಕೊಳ್ಳುತ್ತೀಯ. ಬಂದಾಗ? ಫ್ಲಾಪ್ ರಾಜ, ಏಳು, ಎರಡು. ಎದುರಿನವನ ಕೈಯಲ್ಲಿ ಎಕ್ಕ-ರಾಜ. ಅವನಿಗೆ ತಾನೇ ಮುಂದಿದ್ದೇನೆ ಅನ್ನುವ ಧೈರ್ಯ. 15 ಕಟ್ಟುತ್ತಾನೆ, ನೀನು ಕಾಲ್ ಮಾಡುತ್ತೀಯ, ಟರ್ನ್ ಅನ್ನುವ ನಾಲ್ಕನೇ ಎಲೆ ಬಿದ್ದಾಗ 40 ಕಟ್ಟುತ್ತಾನೆ, ರಿವರ್ ಅನ್ನುವ ಕೊನೆಯ ಎಲೆಗೆ ಉಳಿದದ್ದೆಲ್ಲ ಮೇಜಿನ ಮಧ್ಯಕ್ಕೆ ಬರಬಹುದು. ಹಿಂದೆ ಉಳಿದಿದ್ದ 190 ಡಾಲರಿಗಾಗಿಯೇ ನೀನು ಆ ಹತ್ತು ಡಾಲರಿನ ಕಾಲ್ ಮಾಡಿದ್ದು. ಕ್ಯಾಶ್ ಗೇಮಿನ ಜೀವ ಇರುವುದು ಹೀಗೆ ಹಿಂದೆ ಉಳಿದಿರುವ ದುಡ್ಡಿನಲ್ಲಿ. ಎದುರಿನವನ ಮುಂದೆ ಬರೀ 40 ಡಾಲರ್ ಇದ್ದಿದ್ದರೆ ಅದೇ ಕಾಲ್ ದಂಡ.

ಈಗ ಅದೇ ಏಳರ ಜೋಡಿ ಟೂರ್ನಮೆಂಟಿನಲ್ಲಿ ಬಂತು. 10,000 ಚಿಪ್ಸ್, 50-100ರಿಂದ ಶುರುವಾದ ಬ್ಲೈಂಡ್ ಆರನೇ ಹಂತದಲ್ಲಿ 400-800 ತಲುಪಿದೆ. ನೀನು ಗೆದ್ದೂ ಇಲ್ಲ, ಸೋತೂ ಇಲ್ಲ. ಆದರೂ 100 ದೊಡ್ಡ ಬ್ಲೈಂಡಿನಷ್ಟಿದ್ದ ನಿನ್ನ ಚಿಪ್ಸ್ ಈಗ ಹನ್ನೆರಡೂವರೆ ಬ್ಲೈಂಡಿಗೆ ಇಳಿದಿದೆ. ಒಬ್ಬ 2,000ಕ್ಕೆ ರೇಸ್ ಮಾಡಿದ. ಕಾಲ್ ಮಾಡಿದರೆ ನಿನ್ನ ಐದನೇ ಒಂದು ಭಾಗ ಹೋಯಿತು, ಏಳು ಬರದಿದ್ದರೆ ಅದು ವಾಪಸಾಗದು. ಬಂದರೂ ಹಿಂದೆ ಗೆಲ್ಲುವುದಕ್ಕೆ ಹೆಚ್ಚೇನೂ ಉಳಿದಿಲ್ಲ. ಹಾಗಾಗಿ ಇಲ್ಲಿ ಉಳಿಯುವ ದಾರಿ ಎರಡೇ: ಇಡೀ 10,000 ಮುಂದಕ್ಕೆ ತಳ್ಳಿ ಆಲ್-ಇನ್ ಅನ್ನು, ಇಲ್ಲವೇ ಎಲೆ ಬಿಸಾಡು. ಅವನ ಕೈಯಲ್ಲಿ ಎಕ್ಕ-ರಾಜ ಇದ್ದು ಕಾಲ್ ಮಾಡಿದರೆ ನೂರಕ್ಕೆ ಸುಮಾರು 55 ಸಲ ನೀನು ಗೆಲ್ಲುತ್ತೀಯ. ಫ್ಲಾಪ್, ಟರ್ನ್, ರಿವರ್ ಅಂತ ಯೋಚಿಸುವುದಕ್ಕೆ ಜಾಗವೇ ಇಲ್ಲ. ಅದೇ ಎಲೆ, ಅದೇ ಎದುರಾಳಿ; ಆಟ ಮಾತ್ರ ಪೂರ್ತಿ ಬೇರೆ.

ಇದರ ಮೇಲೆ ಟೂರ್ನಮೆಂಟಿನ ಇನ್ನೊಂದು ಸೂಕ್ಷ್ಮ ಇದೆ, ನನಗೆ ಬಹಳ ಇಷ್ಟವಾದದ್ದು. ಹತ್ತು ಜನ ತಲಾ 10 ಡಾಲರ್ ಹಾಕಿ ಒಂದೇ ಮೇಜಿನಲ್ಲಿ ಆಡುತ್ತೀರಿ. ಇದಕ್ಕೆ ಸಿಟ್-ಅಂಡ್-ಗೋ ಅನ್ನುತ್ತಾರೆ. ಒಟ್ಟು 100, ಮೊದಲನೆಯವನಿಗೆ 50, ಎರಡನೆಯವನಿಗೆ 30, ಮೂರನೆಯವನಿಗೆ 20. ಆರು ಜನ ಔಟಾಗಿ ನಾಲ್ವರು ಉಳಿದಿದ್ದೀರಿ, ನಾಲ್ವರ ಹತ್ತಿರವೂ ಸಮ ಚಿಪ್ಸ್. ಅಂದರೆ ನಿನ್ನ ಸ್ಥಾನದ ಬೆಲೆ 25 ಡಾಲರ್. ಪಕ್ಕದವನು ಆಲ್-ಇನ್ ಅಂದ. ನೀನು ಕಾಲ್ ಮಾಡಿ ಗೆದ್ದರೆ ಚಿಪ್ಸ್ ಎರಡರಷ್ಟಾಗುತ್ತದೆ. ಬೆಲೆಯೂ 50 ಆಗುತ್ತದೆಯೇ? ಇಲ್ಲ. ಎಲ್ಲ ಚಿಪ್ಸ್ ಬಾಚಿಕೊಂಡವನಿಗೇ ಸಿಗುವುದು 50. ಅರ್ಧ ಚಿಪ್ಸ್ ಇದ್ದವನ ಸ್ಥಾನದ ಬೆಲೆ ಲೆಕ್ಕ ಹಾಕಿದರೆ 38 ಡಾಲರ್ ಚಿಲ್ಲರೆ. ಸೋತರೆ ಮಾತ್ರ ಪೂರಾ 25 ಹೋಗಿ ಬರಿಗೈ. 38ಕ್ಕಾಗಿ 25 ಒಡ್ಡಬೇಕಾದರೆ ನೂರಕ್ಕೆ 65 ಸಲ ಗೆಲ್ಲುವ ಕೈ ಬೇಕು. ಏಳರ ಜೋಡಿ ಎಕ್ಕ-ರಾಜನ ಎದುರು ನೂರಕ್ಕೆ 55 ಮಾತ್ರ. ಕ್ಯಾಶ್ ಟೇಬಲ್ಲಿನಲ್ಲಿ ಕಣ್ಣುಮುಚ್ಚಿ ಕಾಲ್ ಮಾಡಬೇಕಾದ ಕೈಯನ್ನು ಇಲ್ಲಿ ಗೊತ್ತಿದ್ದೂ ಬಿಸಾಡಬೇಕು. ಕಳೆದುಕೊಂಡ ಚಿಪ್ಸಿನ ಬೆಲೆ ಗಳಿಸಿದ ಚಿಪ್ಸಿಗಿಂತ ಹೆಚ್ಚು ಅನ್ನುವುದನ್ನು ಈ ಸಣ್ಣ ಆಟ ಹತ್ತು ಡಾಲರಿನಲ್ಲಿ ಕಲಿಸಿಬಿಡುತ್ತದೆ. ಚೆನ್ನಾಗಿರುವ ಎಲೆಯನ್ನೂ ಕೆಳಗಿಡುವ ಅಭ್ಯಾಸ ಹೊಸಬನಿಗೆ ಇದಕ್ಕಿಂತ ಅಗ್ಗವಾಗಿ ಬೇರೆಲ್ಲೂ ಸಿಗದು. ನಿನ್ನ ಸ್ನೇಹಿತರ ಅಪಾರ್ಟ್‌ಮೆಂಟಿನಲ್ಲೇ, ಯಾರೂ ರೇಕ್ ತೆಗೆದುಕೊಳ್ಳದೆ, ಇದನ್ನು ಆಡಬಹುದು. ನನ್ನ ಕೇಳಿದರೆ ಶನಿವಾರ ಕಾರ್ಡ್‌ರೂಮಿಗೂ ಮೊದಲು ಇದೇ ಆಗಲಿ.

ಕಾರ್ಡ್‌ರೂಮಿಗೇ ಹೋಗುವುದಾದರೆ ಟೂರ್ನಮೆಂಟನ್ನು ಆರಿಸುವಾಗ ಬೋರ್ಡಿನಲ್ಲಿ ಮೊದಲು ಬಹುಮಾನದ ಮೊತ್ತ ನೋಡಬೇಡ, ಬ್ಲೈಂಡ್ ಎಷ್ಟು ನಿಮಿಷಕ್ಕೆ ಏರುತ್ತದೆ ಅನ್ನುವುದನ್ನು ನೋಡು. ಗಂಟೆಗೆ 30 ಕೈ ಅಂದೆನಲ್ಲ. ಹದಿನೈದು ನಿಮಿಷದ ಹಂತವಾದರೆ ಒಂದು ಹಂತದಲ್ಲಿ ಏಳೆಂಟು ಕೈ. ಒಂಬತ್ತು ಜನರ ಮೇಜಿನಲ್ಲಿ ಹಂಚುವ ಸರದಿಯ ಗುರುತಾದ ಬಟನ್ ಒಂದು ಸುತ್ತು ಪೂರ್ತಿ ಬರುವ ಮೊದಲೇ ಬ್ಲೈಂಡ್ ಏರಿಬಿಡುತ್ತದೆ. ಆರನೇ ಹಂತ ಶುರುವಾಗುವ ಹೊತ್ತಿಗೆ ನೀನು ನೋಡಿರುವುದು 37 ಕೈ. ಎಕ್ಕದ ಜೋಡಿ ಬರುವುದು 221 ಕೈಗೆ ಒಮ್ಮೆ, ರಾಜನ ಜೋಡಿಯೂ ಅಷ್ಟೇ. ಅಂದರೆ ಹತ್ತರಲ್ಲಿ ಏಳು ಸಲ ಅಷ್ಟು ಹೊತ್ತಿಗೆ ನೀನು ಈ ಎರಡರಲ್ಲಿ ಒಂದನ್ನೂ ಕಂಡಿರುವುದಿಲ್ಲ. ಒಳ್ಳೆಯ ಎಲೆಗೆ ಕಾಯುತ್ತೇನೆ ಅನ್ನುವವನನ್ನು ಇಂಥ ಆಟ ಕಾಯಲು ಬಿಡುವುದಿಲ್ಲ. ಹತ್ತು ನಿಮಿಷಕ್ಕೆ ಬ್ಲೈಂಡ್ ಏರಿಸುವ ಆಟಗಳಂತೂ ಹೆಚ್ಚುಕಡಿಮೆ ಲಾಟರಿ. ಅವುಗಳ ಹತ್ತಿರ ಸುಳಿಯಬೇಡ. ಇಪ್ಪತ್ತು ನಿಮಿಷ ಕನಿಷ್ಠ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು.

ಇನ್ನೊಂದನ್ನು ಕೌಂಟರಿನಲ್ಲಿ ಬಾಯಿಬಿಟ್ಟು ಕೇಳು: ರೀ-ಎಂಟ್ರಿ ಇದೆಯೇ? ಈಗೀಗ ಬಹಳಷ್ಟು ಟೂರ್ನಮೆಂಟುಗಳಲ್ಲಿ ಔಟಾದವರು ಮೊದಲ ಕೆಲವು ಹಂತಗಳವರೆಗೆ ಮತ್ತೆ ದುಡ್ಡು ಕಟ್ಟಿ ಹೊಸ ಚಿಪ್ಸ್ ತೆಗೆದುಕೊಳ್ಳಬಹುದು. ಬೋರ್ಡಿನಲ್ಲಿ 60 ಅಂತ ಇರುತ್ತದೆ, ಮನೆಗೆ ಬರುವಾಗ 180 ಆಗಿರುತ್ತದೆ. ಬಾಗಿಲಲ್ಲೇ ಲೆಕ್ಕ ಮುಗಿಯುತ್ತದೆ ಅನ್ನುವ ಕಾರಣಕ್ಕೇ ನಿನಗೆ ಟೂರ್ನಮೆಂಟ್ ಹೇಳಿದ್ದು. ಆ ಕಾರಣವನ್ನೇ ರೀ-ಎಂಟ್ರಿ ಕಿತ್ತುಹಾಕುತ್ತದೆ. ಬೇರೆ ಆಟ ಸಿಗದಿದ್ದರೆ ಆಡು, ಆದರೆ ಜೇಬಿನಲ್ಲಿ ಒಂದೇ ಪ್ರವೇಶದ ದುಡ್ಡು ಇಟ್ಟುಕೊಂಡು, ಕಾರ್ಡು ಮನೆಯಲ್ಲೇ ಬಿಟ್ಟು ಹೋಗು.

ಬರಿಗೈಯಲ್ಲಿ ಬರುವುದಕ್ಕೂ ಮನಸ್ಸು ಗಟ್ಟಿ ಮಾಡಿಕೋ. 40 ಜನರ ಆಟದಲ್ಲಿ ಮೊದಲ ಐವರಿಗೆ ಬಹುಮಾನ ಅಂದರೆ 35 ಜನ ಏನೂ ಇಲ್ಲದೆ ಹೋಗುತ್ತಾರೆ. ಎಲ್ಲರಷ್ಟೇ ಚೆನ್ನಾಗಿ ಆಡುವವನಿಗೂ ಸತತ ಹತ್ತು ಟೂರ್ನಮೆಂಟ್ ಖಾಲಿ ಹೋಗುವ ಸಾಧ್ಯತೆ ನಾಲ್ಕಕ್ಕೆ ಒಂದರಷ್ಟಿದೆ. ಅದು ನಿನ್ನ ಆಟ ಕೆಟ್ಟಿದೆ ಅನ್ನುವುದಕ್ಕೆ ಪುರಾವೆಯಲ್ಲ, ಹಾಗೆಯೇ ಮೊದಲ ದಿನವೇ ಗೆದ್ದರೆ ನೀನು ಜಾಣ ಅನ್ನುವುದಕ್ಕೂ ಪುರಾವೆಯಲ್ಲ. ಎರಡನೆಯದೇ ಹೆಚ್ಚು ಅಪಾಯ, ಮಗೂ. ಮೊದಲ ಶನಿವಾರವೇ 700 ಡಾಲರ್ ಗೆದ್ದು ಬಂದ ಹುಡುಗನಿಗೆ ಯಾರ ಬುದ್ಧಿಮಾತೂ ಕಿವಿಗೆ ಬೀಳುವುದಿಲ್ಲ.

ಹಾಗಾಗಿ ದುಡ್ಡಿನ ವಿಷಯ. ಆಟಕ್ಕೆ ಅಂತ ಒಂದು ಮೊತ್ತ ಬೇರೆ ಎತ್ತಿಡು. ಅದು ಪೂರ್ತಿ ಹೋದರೂ ಬಾಡಿಗೆ ಕಟ್ಟುವುದಕ್ಕೆ, ಊರಿಗೆ ಕಳಿಸುವುದಕ್ಕೆ, ಸಾಲದ ಕಂತಿಗೆ ಒಂದು ರೂಪಾಯಿ ಕಡಿಮೆಯಾಗಬಾರದು. ಒಂದು ಸಲ ಕೂರಲು ಕಟ್ಟುವ ದುಡ್ಡಿಗೆ ಬೈ-ಇನ್ ಅನ್ನುತ್ತಾರೆ; ಅನುಭವಿಗಳು ಕ್ಯಾಶಿಗೆ ಇಪ್ಪತ್ತರಿಂದ ಮೂವತ್ತು ಬೈ-ಇನ್, ಟೂರ್ನಮೆಂಟಿಗೆ ಐವತ್ತರಿಂದ ನೂರು ಬೈ-ಇನ್ ಕೈಯಲ್ಲಿರಬೇಕು ಅನ್ನುತ್ತಾರೆ. ಅದು ಗೆಲ್ಲುವವರ ಲೆಕ್ಕ, ಏರಿಳಿತ ತಡೆದುಕೊಳ್ಳುವುದಕ್ಕೆ. ನೀನಿನ್ನೂ ಆ ಪಟ್ಟಿಯಲ್ಲಿಲ್ಲ. ನಿನಗೆ ಅದನ್ನು ತಿರುಗಿಸಿ ಹೇಳುತ್ತೇನೆ: ಸಿನಿಮಾ, ಹೋಟೆಲು, ತಿರುಗಾಟ ಅಂತ ತಿಂಗಳಿಗೆ ಎಷ್ಟು ಖರ್ಚು ಮಾಡುತ್ತೀಯೋ ಅದರೊಳಗೇ ಇದೂ ಸೇರಲಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಕಟ್ಟಿದ್ದು, ಬಂದದ್ದು, ಆಡಿದ ಗಂಟೆ, ಟಿಪ್ಸ್, ಪೆಟ್ರೋಲು ಎಲ್ಲ ಬರೆದಿಡು. ಬಾಯಿಲೆಕ್ಕದಲ್ಲಿ ಆಟಗಾರರೆಲ್ಲ ಲಾಭದಲ್ಲೇ ಇರುತ್ತಾರೆ. ಮೇಜಿನಲ್ಲಿ ಕೈಸಾಲ ಕೊಡಬೇಡ, ಇಸಕೊಳ್ಳಲೂಬೇಡ. ಅದರಿಂದ ಹಾಳಾಗುವುದು ದುಡ್ಡಿಗಿಂತ ಮೊದಲು ಸ್ನೇಹ.

ಓದುವ ಹುಡುಗ ನೀನು, ಎರಡು ಪುಸ್ತಕ ಹೇಳುತ್ತೇನೆ. ಟೂರ್ನಮೆಂಟಿಗೆ ಡ್ಯಾನ್ ಹ್ಯಾರಿಂಗ್ಟನ್ 2004ರಲ್ಲಿ ತಂದ 'ಹ್ಯಾರಿಂಗ್ಟನ್ ಆನ್ ಹೋಲ್ಡೆಮ್' ಮೊದಲ ಸಂಪುಟ. 1995ರ ಚಾಂಪಿಯನ್ ಅವರು, ಶಾಲೆಯ ಮೇಷ್ಟ್ರ ಹಾಗೆ ಒಂದೊಂದೇ ಕೈ ಬಿಡಿಸಿ ವಿವರಿಸುತ್ತಾರೆ. ಎರಡಕ್ಕೂ ಬೇಕಾದ ಮೂಲಪಾಠಕ್ಕೆ ಡೇವಿಡ್ ಸ್ಕ್ಲಾನ್ಸ್ಕಿಯ 'ದಿ ಥಿಯರಿ ಆಫ್ ಪೋಕರ್'. ಯೂಟ್ಯೂಬಿನಲ್ಲಿ ನೋಟಿನ ಕಂತೆ ತೋರಿಸುವ ವಿಡಿಯೋಗಳಿಂದ ಸಾಧ್ಯವಾದಷ್ಟು ದೂರ ಇರು.

ಕೆಲವು ತಿಂಗಳಾದ ಮೇಲೆ ಕ್ಯಾಶ್ ಟೇಬಲ್ಲಿಗೆ ಹೋಗು ಅಂದೆ. ಹೋಗಲೇಬೇಕು ಅಂತಲೇ ನನ್ನ ಅಭಿಪ್ರಾಯ, ಈ ಆಟವನ್ನು ನಿಜವಾಗಿ ಕಲಿಯುವ ಮನಸ್ಸಿದ್ದರೆ. ಟೂರ್ನಮೆಂಟ್ ತಾಳ್ಮೆ ಕಲಿಸುತ್ತದೆ, ಧೈರ್ಯವಾಗಿ ತಳ್ಳುವುದನ್ನು ಕಲಿಸುತ್ತದೆ. ಆದರೆ ಟರ್ನಿನಲ್ಲಿ, ರಿವರಿನಲ್ಲಿ ಎದುರಿನವನ ಮನಸ್ಸನ್ನು ಓದುತ್ತ ಹಂತ ಹಂತವಾಗಿ ಯೋಚಿಸುವುದನ್ನು ಕಲಿಸುವುದು ಕ್ಯಾಶ್ ಆಟವೇ. ಹೋದಾಗ 100 ದೊಡ್ಡ ಬ್ಲೈಂಡಿನಷ್ಟು ತೆಗೆದುಕೊಂಡು ಕೂರು. ಭಯಕ್ಕೆ 40 ಡಾಲರ್ ಇಟ್ಟುಕೊಂಡು ಕೂತರೆ ಟೂರ್ನಮೆಂಟಿನ ಕೊನೆಯ ಹಂತವನ್ನೇ ಇನ್ನೊಮ್ಮೆ ಆಡಿದಂತಾಗುತ್ತದೆ. ಅಷ್ಟು ದುಡ್ಡಿಗೆ ಭಯವಾದರೆ ಆ ಮೇಜು ನಿನಗಿನ್ನೂ ದೊಡ್ಡದು ಅಂತ ಅರ್ಥ, ವಾಪಸು ಬಾ. ಏಳುವ ಹೊತ್ತನ್ನು ಕೂರುವ ಮೊದಲೇ ಗೊತ್ತುಮಾಡಿಕೋ. ಹೊಸಬರು ಸ್ವಲ್ಪ ಗೆದ್ದ ಕೂಡಲೇ ಹೆದರಿ ಏಳುತ್ತಾರೆ, ಸೋತಾಗ ಬೆಳಗಿನ ಜಾವದವರೆಗೆ ಕೂರುತ್ತಾರೆ. ಅಂದರೆ ಮನಸ್ಸು ಚೆನ್ನಾಗಿದ್ದಾಗ ಕಡಿಮೆ ಆಟ, ಕೆಟ್ಟಾಗ ಹೆಚ್ಚು ಆಟ. ಗಡಿಯಾರ ನೋಡಿ ಏಳುವವನಿಗೆ ಈ ಕಾಟ ಇಲ್ಲ.

ಎಷ್ಟೇ ಪ್ರತಿಭೆ ಇದ್ದರೂ ಅದೊಂದೇ ಸಾಲದು ಅನ್ನುವುದಕ್ಕೆ ಸ್ಟೂ ಅಂಗರ್ ಕಥೆ ನಿನಗೆ ಗೊತ್ತಿರಲಿ. 1980, 1981, 1997, ಮೂರು ಸಲ ವರ್ಲ್ಡ್ ಸೀರೀಸಿನ ಮುಖ್ಯ ಟೂರ್ನಮೆಂಟ್ ಗೆದ್ದ ಮನುಷ್ಯ. ಇಸ್ಪೀಟಿನಲ್ಲಿ ಅವನಂಥ ಬುದ್ಧಿ ಹುಟ್ಟಿಲ್ಲ ಅಂತ ಅವನ ಜೊತೆ ಆಡಿದವರೇ ಹೇಳುತ್ತಿದ್ದರು. 1997ರ ಬಹುಮಾನ 10 ಲಕ್ಷ ಡಾಲರ್. ಮರುವರ್ಷ ನವೆಂಬರಿನಲ್ಲಿ ಲಾಸ್ ವೇಗಸ್ಸಿನ ಒಂದು ಅಗ್ಗದ ಮೋಟೆಲಿನಲ್ಲಿ ಅವನ ಶವ ಸಿಕ್ಕಿತು, ವಯಸ್ಸು 45. ಪೋಕರಿನಲ್ಲಿ ಗೆದ್ದದ್ದನ್ನು ಕುದುರೆ ಮತ್ತು ಕ್ರೀಡೆಗಳ ಬಾಜಿಯಲ್ಲಿ ಕಳೆದ, ಉಳಿದದ್ದನ್ನು ಮಾದಕದ್ರವ್ಯ ತಿಂದಿತು. ಕಾರ್ಡ್‌ರೂಮಿನ ಸೀಟು ಖಾಲಿಯಾಗುವವರೆಗೆ ಸುಮ್ಮನೆ ಎರಡು ಕೈ ಅಂತ ಪಕ್ಕದ ಬ್ಲ್ಯಾಕ್‌ಜ್ಯಾಕ್ ಮೇಜಿಗೆ ಸ್ನೇಹಿತರು ಕರೆದಾಗ ಇದನ್ನು ನೆನಪಿಸಿಕೋ. ಪೋಕರ್ ಆಡಲು ಹೋದವನು ಪೋಕರ್ ಆಡಿ ಬರಬೇಕು.

ತೆರಿಗೆಯ ಮಾತು ಒಂದಿದೆ. ನಿನ್ನ ಹಾಗೆ ಸ್ಟೂಡೆಂಟ್ ವೀಸಾದಲ್ಲಿ ಅಮೆರಿಕಕ್ಕೆ ಬಂದವರು ಸಾಮಾನ್ಯವಾಗಿ ಮೊದಲ ಐದು ವರ್ಷ ಇಲ್ಲಿನ ತೆರಿಗೆ ಇಲಾಖೆಯ ಕಣ್ಣಿಗೆ ನಾನ್-ರೆಸಿಡೆಂಟ್. ಟೂರ್ನಮೆಂಟಿನಲ್ಲಿ ದೊಡ್ಡ ಬಹುಮಾನ ಬಂದರೆ ಶೇ 30 ಅಲ್ಲೇ ಹಿಡಿದುಕೊಳ್ಳುತ್ತಾರೆ. ವರ್ಷವಿಡೀ ಸೋತದ್ದನ್ನು ಅದರಿಂದ ಕಳೆಯಲೂ ನಿನಗೆ ಅವಕಾಶವಿಲ್ಲ. ಇದನ್ನು ಜೀವನೋಪಾಯ ಮಾಡಿಕೊಳ್ಳುವ ಯೋಚನೆ ತಲೆಗೆ ಬಂದರೆ, ವೀಸಾ ಏನಾಗುತ್ತದೆ ಅಂತ ಮೊದಲು ವಕೀಲರನ್ನು ಕೇಳು.

ನಿನ್ನ ತಮ್ಮನಿಗೂ ಒಂದು ಮಾತು ತಲುಪಿಸು. ಅಣ್ಣ ಆಡುತ್ತಾನೆ ಅಂತ ಗೊತ್ತಾದರೆ ಅವನೂ ಊರಲ್ಲಿ ಮೊಬೈಲ್ ತೆಗೆಯುತ್ತಾನೆ. ಪೋಕರನ್ನು ಕೌಶಲದ ಆಟವಾಗಿ ಆಡಿದರೆ ಪರವಾನಗಿ ಬೇಡ ಅಂತ ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತ್ತು, ನಿಜ. ಆದರೆ 2025ರ ಆಗಸ್ಟಿನಲ್ಲಿ ಸಂಸತ್ತು ಮಾಡಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಅಂತ ನೋಡದೆ, ದುಡ್ಡು ಕಟ್ಟಿ ಆಡಿಸುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸಿದೆ. ಅಂಥ ಆಟ ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಅದಾದ ಮೇಲೂ ದುಡ್ಡು ಹಾಕಿ ಆಡಿ ಅನ್ನುವ ಆ್ಯಪ್ ಬಂದರೆ ಅದು ಕಾನೂನಿನ ಹೊರಗಿನದು. ಗೆದ್ದ ದುಡ್ಡು ಬರದಿದ್ದರೆ ಯಾರ ಹತ್ತಿರವೂ ಹೋಗಿ ಕೇಳುವ ಹಾಗಿಲ್ಲ. ಅವನು ಇಸ್ಪೀಟು ಆಡಬೇಕಾದರೆ ನಿಮ್ಮಜ್ಜನ ಜೊತೆ ರಮ್ಮಿ ಆಡಲಿ, ಬೆಂಕಿಕಡ್ಡಿ ಇಟ್ಟುಕೊಂಡು.

ನಿನ್ನಲ್ಲಿ ನನ್ನ ಕೋರಿಕೆ ಒಂದೇ. ಶನಿವಾರ ಹೊರಡುವ ಮೊದಲು ನಿಮ್ಮಮ್ಮನಿಗೆ ಫೋನ್ ಮಾಡಿ, ಎಲ್ಲಿಗೆ ಹೋಗುತ್ತಿದ್ದೇನೆ, ಎಷ್ಟು ದುಡ್ಡು ತೆಗೆದುಕೊಂಡು ಹೋಗುತ್ತಿದ್ದೇನೆ ಅಂತ ಹೇಳು. ಅಕ್ಕ ಬೈಯುತ್ತಾಳೆ, ಬೈಸಿಕೋ. ಆ ಮೊತ್ತವನ್ನು ಅವಳಿಗೆ ಹೇಳಲು ನಾಲಿಗೆ ಬರದಿದ್ದರೆ ಅದನ್ನು ಹೇಳಲು ಬರುವಷ್ಟಕ್ಕೆ ಇಳಿಸು, ಆಮೇಲೆ ಹೋಗು. ನಾನಾಗಿ ಅವಳಿಗೆ ಏನೂ ಹೇಳುವುದಿಲ್ಲ, ನೀನೇ ಹೇಳಬೇಕು.

ಇಂತಿ ನಿನ್ನ ಮಾವ